ಔಷಧಿಗೂ ಕೊಸರು

ಸಾಂಬ್ರಾಣಿ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಹೋಗಿ ಧೂಪದ ಬಟ್ಟಲನ್ನು ಕೆಂಡದ ಸಮೇತ ಅಂಗಳಕ್ಕೆ ಎಸೆದೆ. ಅಪ್ಪನ ತಂಗಿ ಗಿರಿಜತ್ತೆ ತೀರಿಕೊಂಡಿದ್ದಳು. ಅವಳನ್ನು ನಮ್ಮವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಸ್ನಾನ ಮಾಡಿಸುವುದು ಬಾಕಿಯಿತ್ತು. ಬಂದವರು ಪಾಪ, ದುಃಖಕ್ಕೆ ನನ್ನ ತಲೆ ಕೆಟ್ಟಿದೆ ಅಂದುಕೊಂಡರು. ತಲೆ ಕೆಟ್ಟಿರಲಿಲ್ಲ. ಆ ವಾಸನೆ ಬಂದರೆ ನನಗೆ ದೇವರಮನೆ ನೆನಪಾಗುವುದಿಲ್ಲ, ಒಂದು ಕಂದು ಬಣ್ಣದ ಸೀಸೆ ನೆನಪಾಗುತ್ತದೆ.

ಹಿಂದೂಪುರದ ಬೆಲ್ಲದ ಮಂಡಿ ಬೀದಿಯಲ್ಲಿ ನಮ್ಮ ಮನೆಯಿತ್ತು. ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ, ಹಗಲಲ್ಲೂ ದೀಪ ಉರಿಯುತ್ತದೆ. ಆಗ ಮುಂದುಗಡೆ ತಾತನ ಮಂಡಿ, ಹಿಂದುಗಡೆ ನಾವು. ಬೆಲ್ಲದ ಬೆವರು ವಾಸನೆ ಗೋಡೆಗೂ ಹಾಸಿಗೆಗೂ ನಮ್ಮ ಕೂದಲಿಗೂ ಹತ್ತಿಕೊಂಡಿತ್ತು. ಇರುವೆಗಳು ನಮಗಿಂತ ಮೊದಲೇ ಆ ಮನೆಗೆ ಬಂದವು ಎಂದು ಅಮ್ಮ ನಗುತ್ತಿದ್ದಳು. ತಾತ ಕೊಸರು ಕೊಡದೆ ಯಾರನ್ನೂ ಕಳಿಸಿದವನಲ್ಲ. ತಕ್ಕಡಿ ಸಮನಾಗಿ ನಿಂತ ಮೇಲೂ ಒಂದು ತುಂಡು ಬೆಲ್ಲ ಮುರಿದು ಮೇಲೆ ಹಾಕುತ್ತಿದ್ದ. ಆ ತುಂಡಿಗಾಗಿಯೇ ಗೋರಂಟ್ಲ, ಚಿಲಮತ್ತೂರಿನ ಗಿರಾಕಿಗಳು ಬೇರೆ ಮಂಡಿ ದಾಟಿಕೊಂಡು ಬರುತ್ತಿದ್ದರು. ಮನೆಯೊಳಗೆ ಹೊಡೆತಕ್ಕೂ ಕೊಸರಿರುತ್ತಿತ್ತು. ಅಪ್ಪನಿಗೆ ಮದುವೆಯಾಗಿ ನಾನು ಹುಟ್ಟಿದ ಮೇಲೂ ತಾತ ಅವನ ಕೆನ್ನೆಗೆ ಬಾರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಏಟು ಬಿದ್ದರೆ, ಇನ್ನೊಂದು ಇದೆಯೆಂದು ನಾವೆಲ್ಲ ಕಾಯುತ್ತಿದ್ದೆವು.

ಗಿರಿಜತ್ತೆ ಆ ಮನೆಯಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿದವಳು. ಬೇಸಿಗೆಯಲ್ಲಿ ತಾರಸಿಯ ಮೇಲೆ ಹುಣಸೆಹಣ್ಣು ಒಣಗಲು ಹಾಕಿರುತ್ತಿದ್ದರು. ಅದನ್ನು ಮಗುಚಲು ಬರಿಗಾಲಲ್ಲಿ ಹೋಗಿ, ಸುಡುತ್ತದೆಂದು ಕುಣಿಯುತ್ತಾ, ಮೆಟ್ಟಿಲ ಮೇಲೆ ಕೂತ ನನ್ನನ್ನು ನಗಿಸುವುದಕ್ಕಾಗಿ ಇನ್ನಷ್ಟು ಕುಣಿಯುತ್ತಿದ್ದಳು. ಅವಳ ಕೈಬೆರಳುಗಳ ಮೇಲೆ, ಪಾದಗಳ ಮೇಲೆ ನರೂಲಿಗಳಿದ್ದವು. ಒರಟಾದ ಪುಟ್ಟ ಗಂಟುಗಳು. ನನಗೆ ಅವನ್ನು ಸವರುವುದೆಂದರೆ ಇಷ್ಟ. ಕಲ್ಯಾಣದುರ್ಗದ ಕಡಲೆಕಾಯಿ ಮಿಲ್ಲಿನವರು ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ ಮೇಲೆ ಮಾತ್ರ ಅವು ಮನೆತನದ ಮಾನದ ಪ್ರಶ್ನೆಯಾದವು. ಆ ಹುಡುಗ ಮೊದಲ ಹೆಂಡತಿಯನ್ನು ಹೊಡೆದು ತವರಿಗೆ ಅಟ್ಟಿದವನೆಂದು ಅತ್ತೆಗೆ ಗೊತ್ತಾಗಿತ್ತು. ಇಲ್ಲಿಂದ ಅಲ್ಲಿಗೆ ಹೋದರೆ ಹೊಡೆಯುವ ಕೈ ಬದಲಾಗುತ್ತದೆ ಅಷ್ಟೇ, ನಾನು ಒಲ್ಲೆ ಎಂದು ಅವಳು ತಾತನ ಎದುರೇ ಹೇಳಿದಳು. ಅದಕ್ಕೂ ಏಟು ಬಿತ್ತು, ಕೊಸರಿನ ಸಮೇತ.

ತಾತ ಅವಳನ್ನು ಊರಿನ ಒಬ್ಬ ಡಾಕ್ಟರ ಬಳಿಗೆ ಕರೆದೊಯ್ದ. ಹಿಮಾಲಯದ ಕಡೆ ಬೆಳೆಯುವ ಗಿಡದ ಬೇರಿನ ಅಂಟನ್ನು ಸಾಂಬ್ರಾಣಿ ಅರ್ಕದಲ್ಲಿ ಕರಗಿಸಿ ಮಾಡಿದ ಔಷಧಿ, ಪೊಡೊಫಿಲಿನ್ ಅಂತ ಹೆಸರು. ಡಾಕ್ಟರು ಒಂದೆರಡು ನರೂಲಿಗೆ ಮುಟ್ಟಿಸಿ, ವಾರ ಬಿಟ್ಟು ಬನ್ನಿ, ಸ್ವಲ್ಪ ಸ್ವಲ್ಪವೇ ಮಾಡೋಣ ಅಂದರಂತೆ. ವಾರ ಬಿಡುವಷ್ಟು ಪುರುಸೊತ್ತು ತಾತನಿಗೆ ಎಲ್ಲಿತ್ತು? ಕಾಂಪೌಂಡರನನ್ನು ಹಿಡಿದು ಇಡೀ ಸೀಸೆಯನ್ನೇ ತಂದ. ಅವನು ತೆಲುಗಿನಲ್ಲಿ ಹೇಳಿದ್ದನ್ನು ತಾತ ಮನೆಗೆ ಬಂದು ನಗುತ್ತಾ ಒಪ್ಪಿಸಿದ: "ನಾಲುಗು ಗಂಟಲ ತರ್ವಾತ ಕಡಗಾಲಂಟ." ಹಚ್ಚಿ ನಾಲ್ಕು ಗಂಟೆ ಹೊತ್ತು ಕಳೆದ ಮೇಲೆ ತೊಳೆಯಬೇಕಂತೆ. ತೊಳೆದುಬಿಟ್ಟರೆ ಔಷಧಿ ಹಿಡಿಯುವುದು ಹೇಗೆ ಎಂಬುದು ತಾತನ ಪ್ರಶ್ನೆ.

ಅಪ್ಪ ಅವಳ ಕೈಗಳನ್ನು ಅದುಮಿ ಹಿಡಿದ. ತಾತ ಕ್ಷೌರದ ಬ್ಲೇಡಿನಿಂದ ಒಂದೊಂದೇ ನರೂಲಿಯ ತಲೆ ಹಾರಿಸಿದ, ಔಷಧಿ ಒಳಗಿಳಿಯಲಿ ಎಂದು. ರಕ್ತ ಜಿನುಗುತ್ತಿದ್ದ ಕಡೆಯೆಲ್ಲ ಆ ಕಂದು ಅಂಟನ್ನು ಮೆತ್ತಿ, ಅಕ್ಕಪಕ್ಕದ ಚರ್ಮಕ್ಕೂ ಬಳಿದು, ಹರಳು ಗಿಡದ ಎಲೆ ಇಟ್ಟು ಬಟ್ಟೆ ಬಿಗಿದ. ಮನೆ ತುಂಬ ಸಾಂಬ್ರಾಣಿ ಘಮಘಮಿಸಿತು. ಅತ್ತೆ ಕಿರುಚಿ ಕಿರುಚಿ ಗಂಟಲು ಕಟ್ಟಿಹೋಗಿ ಸುಮ್ಮನಾದಳು. ಮರುದಿನ ಬೆಳಿಗ್ಗೆಯವರೆಗೂ ಬಟ್ಟೆ ಬಿಚ್ಚಲಿಲ್ಲ.

ಆಮೇಲೆ ವಾಂತಿ ಶುರುವಾಯಿತು. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ನಿಲ್ಲಲಿಲ್ಲ. ಒಂದೆರಡು ದಿನದಲ್ಲಿ ಏನೇನೋ ಬಡಬಡಿಸತೊಡಗಿದಳು. ಗೋಡೆಯ ಮೇಲಿನ ಇರುವೆಗಳನ್ನು ಹೆಸರಿಟ್ಟು ಕರೆದಳು, ನನ್ನನ್ನು ಯಾರಮ್ಮಾ ನೀನು ಅಂದಳು. ಗಂಡಿನವರು ಬರುವ ದಿನ ಎದ್ದು ನಿಲ್ಲಲಾರದೆ ಕುಸಿದಳು. ಇದೆಲ್ಲ ಮದುವೆ ತಪ್ಪಿಸುವ ನಾಟಕವೆಂದು ತಾತ ತೀರ್ಮಾನಿಸಿದ. ಬೆಲ್ಲದ ಗಾಡಿಯಿಂದ ಬಾರುಕೋಲು ಎಳೆದು ತಂದು ಅವಳ ಅಂಗಾಲಿಗೆ ಬಾರಿಸಿದ. ಅತ್ತೆ ಕೂಗಲಿಲ್ಲ, ಕಾಲು ಎಳೆದುಕೊಳ್ಳಲಿಲ್ಲ. ತಾತನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು:

"ಅಪ್ಪಯ್ಯ, ಯಾರಿಗ್ ಹೊಡೀತಿದ್ದೀಯಾ?"

ಇದು ಕೊಬ್ಬು ಅಂದುಕೊಂಡ ತಾತ. ಇನ್ನೂ ಹೊಡೆದ. ಚರ್ಮ ಸೀಳಿ ರಕ್ತ ನೆಲಕ್ಕೆ ಇಳಿಯಿತು. ಮಾವನ ಎದುರು ಎಂದೂ ನಿಂತು ಮಾತಾಡದ ಅಮ್ಮ ಬಂದು ಬಾರುಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕಾಲ್ ನೋಡಿ ಮಾವಯ್ಯ. ಒಂದ್ ಬೆರಳಾದ್ರೂ ಮುದುರ್ತೈತಾ?"

ಆಸ್ಪತ್ರೆಯಲ್ಲಿ ಸೀಸೆ ನೋಡಿದ ಡಾಕ್ಟರು ಮೊದಲು ಕೇಳಿದ್ದು, ಇವಳನ್ನು ಕೊಯ್ದವರು ಯಾರು ಎಂದು. ಬೆಳೆಯುವ ಗಂಟನ್ನು ಬೆಳೆಯದಂತೆ ಕೊಲ್ಲುವ ವಿಷವಿದು, ಗಾಯದ ಮೂಲಕ ರಕ್ತಕ್ಕಿಳಿದರೆ ನರಗಳನ್ನೂ ಬಿಡುವುದಿಲ್ಲ, ಇದಕ್ಕೆ ಪ್ರತಿಮದ್ದಿಲ್ಲ ಎಂದರು. ಅತ್ತೆ ಬದುಕಿದಳು. ಬುದ್ಧಿ ತಿಳಿಯಾಯಿತು, ನರೂಲಿಗಳೂ ಉದುರಿದವು. ಪಾದಗಳು ಮಾತ್ರ ಅವಳಿಗೆ ವಾಪಸು ಸಿಗಲಿಲ್ಲ. ಕಲ್ಯಾಣದುರ್ಗದವರು ಬಂದ ಬಸ್ಸಿನಲ್ಲೇ ಹಿಂದಿರುಗಿದ್ದರು.

ಚಪ್ಪಲಿ ಎಲ್ಲೋ ಕಳಚಿಬಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಮುಳ್ಳು ನೆಟ್ಟರೂ ನಡೆಯುತ್ತಿದ್ದಳು. ಒಮ್ಮೆ ಸ್ನಾನದ ನೀರಿಗೆ ಪಾದ ಬೆಂದು ಬೊಬ್ಬೆ ಎದ್ದಿದ್ದನ್ನು ನಾನು ನೋಡಿ ಹೇಳಬೇಕಾಯಿತು. ಅಂದಿನಿಂದ ಅವಳ ನೀರಿಗೆ ಮೊದಲು ಕೈ ಅದ್ದುವುದು ನನ್ನ ಕೆಲಸವಾಯಿತು. ತಾತ ಸಂಜೆ ಮಂಡಿ ಮುಚ್ಚಿ ಬಂದು ಅವಳ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಪಿನ್ನಿನಿಂದ ಮುಳ್ಳು ತೆಗೆಯುತ್ತಿದ್ದ. ಬಾರುಕೋಲು ಹಿಡಿದ ಅದೇ ಕೈ. ಬೆರಳಿನಿಂದ ಒತ್ತಿ ಕೇಳುತ್ತಿದ್ದ: "ಗೊತ್ತಾಯ್ತೈತೇನಮ್ಮಾ?" ಇಲ್ಲ ಅನ್ನುತ್ತಿದ್ದಳು ಅತ್ತೆ. ತಾತ ತಾನು ಸಾಯುವ ಮುಂಚೆ, ಮಾತು ತೊದಲುವಾಗಲೂ ಕೇಳಿದ. ಹೂಂ ಅನ್ನು ಎಂದು ಅಪ್ಪ ಕಣ್ಣಲ್ಲೇ ಬೇಡಿಕೊಂಡ. "ಇಲ್ಲ ಕಣಪ್ಪಯ್ಯ" ಅಂದಳು ಅತ್ತೆ. ಆಗ ನನಗೆ ಅವಳ ಮೇಲೆ ಕೋಪ ಬಂದಿತ್ತು. ಈಗ ಇಲ್ಲ. ಅವಳಿಂದ ಆ ಮನೆ ಎಲ್ಲವನ್ನೂ ಕಿತ್ತುಕೊಂಡಿತ್ತು, ಈ ಒಂದು ನಿಜವನ್ನಾದರೂ ಅವಳು ಯಾಕೆ ಬಿಟ್ಟುಕೊಡಬೇಕಿತ್ತು?

ಅತ್ತೆಯ ಕೊನೆಯ ಸ್ನಾನಕ್ಕೆ ಹಂಡೆಯಿಂದ ನೀರು ತೋಡಿ ತಂದರು. ಅವಳ ಕಾಲು ತೊಳೆಯುವುದು ನನ್ನ ಪಾಲಿಗೆ ಬಂತು. ಹೊತ್ತಾಯಿತು, ಬೇಗ ಹಾಕು ಎಂದು ಯಾರೋ ಅವಸರ ಮಾಡಿದರು. ನಾನು ಚೊಂಬಿನೊಳಗೆ ಕೈ ಅದ್ದಿದೆ. ಸುಡುತ್ತಿತ್ತು. ತಣ್ಣೀರು ತರಲು ಹೇಳಿ, ಅದು ಬರುವವರೆಗೂ ಅವಳ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ.