ಪಟ್ಟಿಯ ಹದಿನಾಲ್ಕನೆಯ ಸಾಲು

ಲೆಕ್ಕಕ್ಕೆ ಸಿಗದ ಯಾವುದನ್ನೂ ನಾನು ನಂಬಿದವನಲ್ಲ. ನಾಲ್ಕೂವರೆಗೆ ಏಳುವುದು, ಕೆಲಸಕ್ಕೆ ಮುಂಚೆ ಪಟ್ಟಿ ಬರೆಯುವುದು, ಕಣ್ಣಾರೆ ನೋಡಿದ್ದಕ್ಕೆ ಮಾತ್ರ ಗುರುತು ಹಾಕಿ ಪಕ್ಕದಲ್ಲಿ ಸಮಯ ಬರೆಯುವುದು ಹಾಸ್ಟೆಲಿನಲ್ಲಿ ಕಲಿತ ಅಭ್ಯಾಸ. ಈಗ ಹೇಳುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಕಲಬುರಗಿಯ ಗುತ್ತಿಗೆದಾರರೊಬ್ಬರ ಬಳಿ ಸೇರಿದ್ದೆ. ಕಮಲಾಪುರದ ಒಂದು ಶಾಲೆಗೆ ಎರಡು ಕೋಣೆ ಕಟ್ಟಿಸುವುದು ನನ್ನ ಮೊದಲ ಹೊಣೆ.

"ಸ್ಲ್ಯಾಬ್ ಛಂದ ಬಿತ್ತಂದ್ರ ನಿನ್ನ ನೌಕರಿ ಪಕ್ಕಾ. ಇಲ್ಲಂದ್ರ ಜೇವರ್ಗಿ ಕಾಲೋನಿಯೊಳಗ ಹುಡುಗರಿಗೆ ಗಣಿತದ ಟ್ಯೂಷನ್ ಹೇಳ್ಕೋತ ಕೂಡು" ಎಂದಿದ್ದರು ಗುತ್ತಿಗೆದಾರರು. ನಾನು ಬಾಡಿಗೆಗಿದ್ದ ಕೋಣೆ ಅದೇ ಕಾಲೋನಿಯಲ್ಲಿತ್ತು.

ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಡೈರಿಯಲ್ಲಿ ಬರೆದ ಪಟ್ಟಿಯ ಹದಿಮೂರು ಸಾಲಿಗೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಐದೂವರೆ ಬಸ್ಸಿಗೆ ಕಲಬುರಗಿಗೆ ಬಂದೆ. ನನ್ನ ಮೊದಲ ಸ್ಲ್ಯಾಬ್. ಸಂಭ್ರಮಕ್ಕೆ ಊಟವೂ ರುಚಿಸಲಿಲ್ಲ.

ಮರುದಿನ ಬೆಳಗಿನ ಮೊದಲ ಬಸ್ಸಿನಲ್ಲಿ ಕುಳಿತು ಡೈರಿ ತೆರೆದೆ. ಹದಿಮೂರರ ಕೆಳಗೆ ಇನ್ನೊಂದು ಸಾಲಿತ್ತು. ಕೆಂಪು ಶಾಯಿ, ನನ್ನದೇ ಅಕ್ಷರ: "೧೪. ಸಜ್ಜಾದ ಸಳಿ ಮೇಲಿರಬೇಕು. ೬.೪೦." ನಾನು ಬರೆದ ನೆನಪೇ ಇರಲಿಲ್ಲ. ಹಿಂದಿನ ಸಂಜೆ ಆರು ನಲವತ್ತಕ್ಕೆ ನಾನು ಮನೆಯ ದಾರಿಯಲ್ಲಿದ್ದೆ. ಈ ಬೆಳಗಿನ ಆರು ನಲವತ್ತು ಇನ್ನೂ ಆಗಿರಲಿಲ್ಲ. ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕೋಣವೆಂದರೆ ಜೇಬಿನಲ್ಲಿ ಪೆನ್ನಿಲ್ಲ.

ಕಮಲಾಪುರದಲ್ಲಿ ಇಳಿದವನು ಬಹುತೇಕ ಓಡುತ್ತಲೇ ಹೋಗಿ ಏಣಿ ಹತ್ತಿದೆ. ಕೋಣೆಯ ಚಾವಣಿಯಲ್ಲಿ ಮುಖ್ಯ ಸಳಿಗಳು, ಅಂದರೆ ಕಬ್ಬಿಣದ ಕಂಬಿಗಳು, ತಳದಲ್ಲಿರಬೇಕು. ಗೋಡೆಯಿಂದ ಹೊರಚಾಚುವ ಸಜ್ಜಾದಲ್ಲಿ ಮೇಲ್ಭಾಗದಲ್ಲಿರಬೇಕು. ಇಲ್ಲವಾದರೆ ಸಜ್ಜಾ ಮುರಿದು ಬೀಳುತ್ತದೆ. ಮಕ್ಕಳು ಬಿಸಿಯೂಟಕ್ಕೆ ಕೂರುವುದು ಅದರ ಕೆಳಗೇ. ನನ್ನ ಪಟ್ಟಿಯಲ್ಲಿ ಸಜ್ಜಾದ ಮಾತೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ನಾನು ನೋಡಿರಲೂ ಇಲ್ಲ. ಈಗ ಬಗ್ಗಿ ನೋಡಿದೆ. ಎಲ್ಲ ಸಳಿಗಳೂ ತಳಕ್ಕೆ ಅಂಟಿಕೊಂಡಿದ್ದವು. ಕೈಗಡಿಯಾರದಲ್ಲಿ ಸರಿಯಾಗಿ ಆರು ನಲವತ್ತು.

"ಎಲ್ಲಾ ಸರಿ ಅದ ಅಂತ ನಿನ್ನಿ ನೀವೇ ಟಿಕ್ ಹೊಡದೀರಲ್ರಿ ಸಾಬ್" ಎಂದ, ಸಳಿ ಕಟ್ಟುವ ಇಸ್ಮಾಯಿಲ್ ಮಿಸ್ತ್ರಿ. ತಪ್ಪು ನನ್ನದೆಂದು ಒಪ್ಪಿಕೊಂಡೆ. ಡೈರಿ ತೋರಿಸಿ, ಇದನ್ನು ನೀವು ಬರೆದಿರಾ ಎಂದು ಕೇಳಿದೆ.

"ನಾ ಅಂಗಠಾ ಛಾಪ್ ಸಾಬ್. ಬರಿ ಅಂದ್ರ ಹೆಬ್ಬೆಟ್ಟು ಒತ್ತತೀನಿ" ಎಂದು ನಕ್ಕು, ಜೇಬಿನಿಂದ ನನ್ನ ಕೆಂಪು ಪೆನ್ನು ತೆಗೆದು ಕೊಟ್ಟ. "ತಗೋರಿ. ನಿನ್ನಿ ಇಲ್ಲೇ ಬಿಟ್ಟು ಬಸ್ಸಿಗಿ ಓಡಿದ್ರಿ."

ನನ್ನ ಬಳಿ ಇದ್ದ ಕೆಂಪು ಪೆನ್ನು ಅದೊಂದೇ.

ಎರಡು ತಾಸಿನಲ್ಲಿ ಸಳಿಗಳನ್ನು ಎತ್ತಿ ಕಟ್ಟಿದೆವು. ಮಿಕ್ಸರ್ ಸದ್ದು ಶುರುವಾದಾಗ ನನ್ನ ಎದೆಯೂ ಅದರ ಜೊತೆಗೇ ಗುಡುಗುಡಿಸಿತು. ಸಂಜೆಗೆ ಸ್ಲ್ಯಾಬ್ ಮುಗಿಯಿತು, ನೌಕರಿ ಉಳಿಯಿತು. ಆ ಸಜ್ಜಾ ಇಂದಿಗೂ ನಿಂತಿದೆ.

ನಿದ್ದೆಗಣ್ಣಿನಲ್ಲಿ ಬರೆದಿರಬಹುದೆಂದು ಗೆಳೆಯರು ಹೇಳುತ್ತಾರೆ. ಯಾವ ಪೆನ್ನಿನಿಂದ ಎಂದರೆ ಮಾತು ಬದಲಿಸುತ್ತಾರೆ. ನನಗೂ ಗೊತ್ತಿಲ್ಲ. ಅಂದಿನಿಂದ ನಿವೃತ್ತಿಯವರೆಗೆ ಪ್ರತಿ ಪಟ್ಟಿಯ ಕೊನೆಗೂ ಒಂದು ಸಾಲು ಖಾಲಿ ಬಿಟ್ಟೆ. ಕಾಂಕ್ರೀಟ್ ಸುರಿಯುವ ಮುನ್ನ ಅದನ್ನೊಮ್ಮೆ ನೋಡದೆ ಅಪ್ಪಣೆ ಕೊಟ್ಟವನಲ್ಲ. ಅದು ಯಾವತ್ತೂ ಖಾಲಿಯೇ ಇತ್ತು.