ನಲವತ್ತೆರಡು ಸಮಾಧಿಗಳ ಹೆಲ್ವೆ

ಬೆಳಗಿನ ನಾಲ್ಕೂವರೆ. ಕಾಸ್ಕುಲಾ ಸ್ಮಶಾನದಲ್ಲಿ ಹೆಲ್ವೆ ಕುರ್ವಿಟ್ಸ್ ಹಿಮ್ಮುಖವಾಗಿ ನಡೆಯುತ್ತ ಸಮಾಧಿಯ ಮರಳನ್ನು ಬಾಚಣಿಗೆಯಂಥ ಮರದ ಹಲುಬೆಯಿಂದ ಬಾಚುತ್ತಿದ್ದಾರೆ. ಸಮಾಧಿಗೆ ಬಂದು ಹೋಗುವವರು ತಮ್ಮ ಹೆಜ್ಜೆಗುರುತನ್ನೂ ಅಳಿಸಿಯೇ ಹೋಗುವುದು ನಮ್ಮ ಎಸ್ಟೋನಿಯಾದ ರೂಢಿ. ಎಪ್ಪತ್ತೈದು ದಾಟಿದ ಈ ಕಾವಲುಗಾರ್ತಿ ಎಳೆದ ಒಂದು ಗೆರೆಯೂ ಸೊಟ್ಟಗಿಲ್ಲ.

ಸಾಲಿನಲ್ಲಿ ನಲವತ್ತೆರಡು ಸಮಾಧಿ. ಹದಿನೇಳನೆಯದು ಆಡೋ ರೈಗಸ್ ಅವರದು. ಗಿರಣಿಯವನ ಮಗ, ಹಳ್ಳಿ ಮೇಷ್ಟ್ರು, ವಕೀಲ, ಸಂವಿಧಾನ ಬರೆದವರಲ್ಲೊಬ್ಬರು, ಎರಡು ಬಾರಿ ದೇಶದ ಮುಖ್ಯಸ್ಥ. ಅಧಿಕಾರ ಬಿಟ್ಟ ದಿನವೇ ಮೂರನೇ ದರ್ಜೆ ರೈಲು ಹತ್ತಿ ಬಂದು ಅಪ್ಪನ ಗಿರಣಿಯಲ್ಲಿ ಹಿಟ್ಟು ಬೀಸಲು ನಿಂತವರು. ಸೋವಿಯತ್ ಆಳ್ವಿಕೆ ಬಂದಾಗ ಕಲ್ಲಿನ ಮೇಲಿನ ಅವರ ಹೆಸರನ್ನು ಉಳಿ ಹಿಡಿದು ಕಿತ್ತರು. ಜನ ಮಾತ್ರ ಮುಸ್ಸಂಜೆಗೆ ಕದ್ದು ಬಂದು ಮೇಣದಬತ್ತಿ ಹಚ್ಚುತ್ತಿದ್ದರು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು, ಮಕ್ಕಳ ಓದು ನಿಲ್ಲುತ್ತಿತ್ತು. ಹೆದರಿ ಓಡುವವರಿಗೆ ಹೆಜ್ಜೆ ಅಳಿಸುವ ವ್ಯವಧಾನವೆಲ್ಲಿ? 1971ರಲ್ಲಿ ಕೆಲಸಕ್ಕೆ ಸೇರಿದ ಹೆಲ್ವೆ ಬೆಳಗಾಗುವ ಮೊದಲೇ ಬಂದು ಆ ಹೆಜ್ಜೆಗಳನ್ನು ಅಳಿಸತೊಡಗಿದರು.

"ಅಲ್ಲೇ ನಾನು ಎಡವಿದ್ದು," ಎಂದು ನಗುತ್ತಾರೆ. "ಹೆಸರಿಲ್ಲದ ಸಮಾಧೀನ ಯಾರಾದ್ರೂ ಅಷ್ಟು ಚೆಂದ ಇಟ್ಕೋತಾರಾ? ಒಂದಿನ ಒಬ್ಬ ಅಧಿಕಾರಿ ಬಂದ. 'ಯಾರಮ್ಮಾ ಇಲ್ಲಿ ಮಲಗಿರೋದು, ನಿಮ್ಮಾವನಾ?' ಅಂದ. 'ಸಾಲು ಪೂರ್ತಿ ಬಾಚ್ತೀನಿ ಕಾಮ್ರೇಡ್, ಇವತ್ತು ಇಲ್ಲಿಂದ ಶುರು ಮಾಡ್ದೆ' ಅಂದೆ. 'ನಾಳೆ ಬಂದು ನೋಡ್ತೀನಿ' ಅಂದ."

ಹೇಳಿದ ಸುಳ್ಳನ್ನು ನಿಜ ಮಾಡಲೇಬೇಕಾಯಿತು. ಒಂದು ಸಮಾಧಿ ಎದ್ದು ಕಾಣದಿರಲೆಂದು ಉಳಿದ ನಲವತ್ತೊಂದನ್ನೂ ದಿನವೂ ಬಾಚಿದರು, ಇಪ್ಪತ್ತು ವರ್ಷ. ಒಬ್ಬರೂ ಸಿಕ್ಕಿಬೀಳಲಿಲ್ಲ.

ಸ್ವಾತಂತ್ರ್ಯ ಮರಳಿದ ಮೇಲೆ ಕಲ್ಲಿಗೆ ಹೆಸರೂ ಮರಳಿದೆ. ಹೆಲ್ವೆ ಮಾತ್ರ ಇಂದಿಗೂ ನಲವತ್ತೆರಡನ್ನೂ ಬಿಟ್ಟಿಲ್ಲ. "ಮಿಕ್ಕೋರೇ ಅಲ್ವಾ ನಮ್ಮನ್ನ ಬಚ್ಚಿಟ್ಟಿದ್ದು? ಈಗ ಕೈಬಿಟ್ರೆ ಬೇಜಾರು ಮಾಡ್ಕೋತಾರೆ," ಎನ್ನುತ್ತ ಕಪ್ಪು ಬ್ರೆಡ್ಡಿನ ಮೇಲೆ ಉಪ್ಪುಮೀನು ಇಟ್ಟು ನನಗೂ ಕೊಡುತ್ತಾರೆ. "ರೈಗಸ್ ಎರಡು ಸಲ ಸೇರಿ ಹದಿನೆಂಟು ತಿಂಗಳು ದೇಶ ನೋಡ್ಕೊಂಡ್ರು. ನಾನು ಅವರನ್ನ ನೋಡ್ಕೊಳ್ಳೋಕೆ ಶುರು ಮಾಡಿ ಐವತ್ತು ವರ್ಷ ದಾಟ್ತು. ಯಾರು ಸೀನಿಯರ್ ನೀವೇ ಹೇಳಿ."

ಬರುವ ಭಾನುವಾರ ಸ್ಮಶಾನದ ಹಬ್ಬ, ಊರೆಲ್ಲ ಇಲ್ಲಿ ಸೇರುತ್ತದೆ. ನಿಮಗೇನಾದರೂ ಆಸೆಯಿದೆಯೇ ಎಂದೆ. ಹಲುಬೆಯನ್ನು ಬರ್ಚ್ ಮರಕ್ಕೆ ಒರಗಿಸಿ, ಹದಿನೇಳನೆಯ ಸಮಾಧಿಯನ್ನೇ ನೋಡುತ್ತ ನಿಂತರು.

"ಅವತ್ತೊಂದಿನ ಎಲ್ರೂ ಮರಳು ಬಾಚ್ದೆ, ಹೆಜ್ಜೆ ಹಾಗೇ ಬಿಟ್ಟು ಹೋಗ್ಲಿ. ಇಲ್ಲಿಗೆ ಯಾರೂ ಬರಲೇ ಇಲ್ಲ ಅನ್ನೋ ಹಾಗೆ ಮಾಡ್ತಾ ಬಂದೆ ನಾನು. ಜನ ಬರ್ತಾನೇ ಇದ್ರು ಅಂತ ರೈಗಸ್ ಅವರಿಗೂ ಗೊತ್ತಾಗ್ಲಿ."