ಬಿಳಿ ಕಾಗದದ ಮೇಲಿನ ನುಸಿ

ನನ್ನ ಕನ್ನಡಕದ ನಂಬರು ಮೈನಸ್ ಹದಿಮೂರು. ಅದನ್ನು ತೆಗೆದರೆ ಎದುರಿಗೆ ನಿಂತದ್ದು ಅತ್ತೆಯೋ ಎಮ್ಮೆಯೋ ತಿಳಿಯುವುದಿಲ್ಲ. ಇದನ್ನು ಅತ್ತೆಯೇ ಬಂದವರಿಗೆಲ್ಲ ಹೇಳಿ ನಗುತ್ತಾರೆ. ಆದರೆ ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ ನನ್ನನ್ನು ಮೀರಿಸುವವರು ನಮ್ಮೂರು ತೆಲಸಂಗದಲ್ಲಿ ಇಲ್ಲ. ದ್ರಾಕ್ಷಿ ಹೂ ಬಿಡುವ ದಿನಗಳಲ್ಲಿ ಕನ್ನಡಕ ತಲೆಗೇರಿಸಿ, ಗೊನೆಯನ್ನು ಮುಖದ ಹತ್ತಿರ ತಂದುಕೊಂಡು, ಎಳ್ಳಿಗಿಂತ ಸಣ್ಣ ಥ್ರಿಪ್ಸ್ ನುಸಿಯನ್ನೂ ಹಿಡಿಯುತ್ತೇನೆ. ನಾನು ನುಸಿ ಬಂದಿದೆ ಎಂದರೆ ಸಾಕು, ನಮ್ಮ ಮನೆಯವರು ಔಷಧದ ಟ್ಯಾಂಕಿಗೆ ನೀರು ಬಿಡುತ್ತಿದ್ದರು. ಆ ಜಂಬ ನನಗೆ ಚೆನ್ನಾಗಿಯೇ ಇತ್ತು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಗೊನೆಗಳ ಸುತ್ತ ಕಪ್ಪು ಚುಕ್ಕೆಗಳು ಹಿಂಡುಗಟ್ಟಿ ಹಾರಾಡುವುದು ಕಂಡಿತು. ಅಷ್ಟೊಂದನ್ನು ಎಂದೂ ನೋಡಿರಲಿಲ್ಲ.

“ತ್ವಾಟ ತುಂಬ ನುಸಿ ಆಗೈತ್ರಿ. ಇವತ್ತ ಔಷಧ ಹೊಡೀರಿ,” ಎಂದೆ.

ಇದಕ್ಕೆ ನಮ್ಮಲ್ಲೊಂದು ಪರೀಕ್ಷೆ ಇದೆ. ಗೊನೆಯ ಕೆಳಗೆ ಬಿಳಿ ಕಾಗದ ಹಿಡಿದು ಮೇಲಿಂದ ತಟ್ಟಿದರೆ ನುಸಿ ಉದುರುತ್ತದೆ. ಮನೆಯವರು ತಟ್ಟಿ, ಕಾಗದವನ್ನು ಬಿಸಿಲಿಗೆ ಹಿಡಿದರು.

“ಒಂದೂ ಇಲ್ಲ.”

“ಇಲ್ಲೇ ಹರದಾಡಾಕತ್ತಾವಲ್ರಿ! ನಿಮ್ಮ ಕಣ್ಣಿಗೇನಾಗೈತಿ?”

ಹತ್ತು ಗೊನೆ ತಟ್ಟಿದರು. ನನಗೆ ಕಾಗದದ ತುಂಬ ನುಸಿ, ಅವರಿಗೆ ಬರೀ ಕಾಗದ. “ಇಲ್ಲದ ಹುಳಕ್ಕ ನಾ ಔಷಧ ಹೊಡ್ಯಾಂಗಿಲ್ಲ,” ಎಂದು ಹಟ ಹಿಡಿದರು. ನನಗೆ ಮೈಯೆಲ್ಲ ಉರಿಯಿತು.

ಅವರು ಕಾಗದ ಮಡಚಿ ಜೇಬಿಗಿಟ್ಟರು. ನುಸಿ ಅವರ ಅಂಗಿಯ ಮೇಲೆ ಬಂತು. ಆಕಾಶ ನೋಡಿದೆ, ಅಲ್ಲೂ ಬಂತು. ಸಿಟ್ಟು ಅಲ್ಲಿಗೇ ನಿಂತು ಕುತೂಹಲ ಶುರುವಾಯಿತು. ಎಡಗಣ್ಣು ಮುಚ್ಚಿದೆ, ಹಿಂಡು ಇತ್ತು. ಬಲಗಣ್ಣು ಮುಚ್ಚಿದೆ, ಆಕಾಶ ಸ್ವಚ್ಛ. ಮತ್ತೊಮ್ಮೆ ಮಾಡಿದರೂ ಹಾಗೇ. ನುಸಿ ತೋಟದಲ್ಲಿರಲಿಲ್ಲ, ನನ್ನ ಬಲಗಣ್ಣಿನೊಳಗಿತ್ತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಲಿಲ್ಲ, ಇದೇನು ಸೋಜಿಗ ಎನಿಸಿತು. ಹೆದರಿದವರು ಅವರು. ಆಗಲೇ ಬೈಕು ಹತ್ತಿಸಿ ಮಿರಜಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿನ ಕಣ್ಣಿನ ಡಾಕ್ಟರಮ್ಮ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ದೀಪ ಹಿಡಿದು ಬಹಳ ಹೊತ್ತು ಒಳಗೆ ನೋಡಿದರು.

“ಮಿಂಚಿನಂಗ ಬೆಳಕ ಕಂಡಿತ್ತೇನ್ರಿ?”

ಕಂಡಿತ್ತು. ಎರಡು ದಿನದಿಂದ ಕಣ್ಣಂಚಿನಲ್ಲಿ ಫಳಕ್ ಎನ್ನುತ್ತಿತ್ತು. ಚಪ್ಪರದ ತಂತಿಗೆ ಬಿಸಿಲು ಬಡಿಯುತ್ತಿದೆ ಎಂದುಕೊಂಡಿದ್ದೆ.

“ನಿಮ್ಮ ಕಣ್ಣಿನ ಗುಡ್ಡಿ ಉದ್ದ ಐತ್ರಿ. ಅದಕ್ಕ ಒಳಗಿನ ಪರದೆ ಜಗ್ಗಿ ತೆಳ್ಳಗಾಗೈತಿ. ರೊಟ್ಟಿ ಭಾಳ ತೆಳ್ಳಗ ಬಡದ್ರ ಅಂಚ ಸೀಳತೈತಲ್ಲ, ಹಂಗ ಸೀಳೈತಿ. ಅಲ್ಲಿಂದ ಜಿನುಗಿದ ರಕ್ತದ ಕಣ ನಿಮಗ ನುಸಿಯಂಗ ಕಾಣಾಕತ್ತಾವ. ಇವತ್ತ ಲೇಸರ್ ಮಾಡೂಣು. ತಡ ಮಾಡಿದ್ರ ಪರದೆ ಕಳಚಿ ಕಣ್ಣ ಹೋಗಬಹುದಿತ್ತು.”

“ನಾ ಅಥಣ್ಯಾಗ ಚಷ್ಮಾದಂಗಡ್ಯಾಗ ತಪ್ಪದ ತೋರಸ್ತೀನ್ರಿ.”

“ಅವರ ನಂಬರ ನೋಡ್ಯಾರ. ಒಳಗ ಯಾರ ನೋಡ್ಯಾರ?”

ಯಾರೂ ನೋಡಿರಲಿಲ್ಲ. ನಂಬರು ಎಷ್ಟಾಯಿತು ಎಂದು ಚಿಕ್ಕಂದಿನಿಂದ ಕೇಳಿದ್ದೆ, ಯಾಕಾಯಿತು ಎಂದು ಕೇಳಿರಲಿಲ್ಲ. ಲೇಸರ್ ಮುಗಿದ ಮೇಲೆ ಒಂದೇ ಸಮ ಪ್ರಶ್ನೆ ಕೇಳಿದೆ. ಆಪರೇಷನ್ ಮಾಡಿಸಿ ಚಷ್ಮಾ ಬಿಡಿಸಿಕೊಂಡರೆ ಈ ಕಾಟ ತಪ್ಪುತ್ತದೆಯೇ?

“ನಂಬರ ಹೋಗತೈತಿ, ಕಣ್ಣಿನ ಉದ್ದ ಹೋಗಂಗಿಲ್ಲ. ವರ್ಷಕ್ಕೊಮ್ಮೆ ಹನಿ ಹಾಕಿಸ್ಕೊಂಡ ಒಳಗ ತೋರಸ್ರಿ. ಹೊಸಾ ಚುಕ್ಕಿ, ಮಿಂಚು ಕಂಡ್ರ, ಕಣ್ಣಿಗೆ ಮಬ್ಬ ಕವಿದ್ರ ಅವತ್ತ ಬರ್ರಿ.”

ಹಿಂದಿರುಗುವಾಗ ಬೈಕಿನ ಮೇಲೆ ಕುಳಿತು ಯೋಚಿಸಿದೆ. ಔಷಧ ಹೊಡೆದರೆ ನುಸಿ ಸಾಯಲು ನಾಲ್ಕು ದಿನ ಕಾಯುತ್ತೇವೆ. ಸಾಯದಿದ್ದರೆ ಔಷಧ ಬದಲಿಸಿ ಮತ್ತೆ ನಾಲ್ಕು ದಿನ. ಎಂದಿನಂತೆ ಅವರು ನನ್ನ ಮಾತು ಕೇಳಿದ್ದರೆ ನಾನು ತೋಟದಲ್ಲಿ ನುಸಿ ಸಾಯುವುದನ್ನು ಕಾಯುತ್ತ ಕೂತಿರುತ್ತಿದ್ದೆ. ಆಗ ಹೆದರಿಕೆ ಬಂತು. ಅವರ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

ನುಸಿ ಪೂರ್ತಿ ಹೋಗಿಲ್ಲ, ಕೆಲವು ಉಳಿಯುತ್ತವೆ ಎಂದು ಡಾಕ್ಟರಮ್ಮ ಹೇಳಿಯೇ ಇದ್ದರು. ಆ ಬಿಳಿ ಕಾಗದ ಈಗ ಅಡುಗೆಮನೆಯ ಗೋಡೆಗಿದೆ. ಬೆಳಿಗ್ಗೆ ಚಹಾ ಇಳಿಸಿ, ಒಂದೊಂದೇ ಕಣ್ಣು ಮುಚ್ಚಿ ಅದನ್ನು ನೋಡುತ್ತೇನೆ. ಮನೆಯವರು ಚಪ್ಪಲಿ ಮೆಟ್ಟಿ ಹೊಸ್ತಿಲ ಹೊರಗೆ ನಿಂತಿರುತ್ತಾರೆ.

“ಎಷ್ಟ ಅದಾವ?”

“ಅವ ಹಳೇ ನಾಕ.”

“ಹೊಸಾವು?”

“ಒಂದೂ ಇಲ್ಲ.”

ಇದನ್ನು ಕೇಳಿದ ಮೇಲೆಯೇ ಅವರು ತೋಟಕ್ಕೆ ಹೋಗುವುದು.